ಹೆಣ್ಣು ನೋಡಲು ಹೊರಟವನ ಹರಿದ ಪ್ಯಾಂಟು

"ಅಕ್ಕಾರ, ಈ ಮಷಿನ್ ನಡೀತೈತೇನ್ರಿ?"

ಕಮತಗಿ ಬಸ್ ನಿಲ್ದಾಣದಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಯುವಕ ಮೆಲ್ಲಗೆ ಕೇಳಿದ. ಗುಜರಿಯಲ್ಲಿ ಸಿಕ್ಕ ಹಳೆಯ ಕೈ ಹೊಲಿಗೆಯಂತ್ರವನ್ನು ನಾನೇ ಬಿಚ್ಚಿ, ತುಕ್ಕು ತಿಕ್ಕಿ, ಎಣ್ಣೆ ಬಿಟ್ಟು ಸರಿಮಾಡಿ, ತವರಿನಿಂದ ಬಾಗಲಕೋಟೆಗೆ ಒಯ್ಯುತ್ತಿದ್ದೆ. ಅವನು ಹುನಗುಂದಕ್ಕೆ ಹೆಣ್ಣು ನೋಡಲು ಹೊರಟವನು. ಬಸ್ಸಿನಿಂದ ಜಿಗಿಯುವಾಗ ಬಿಳಿ ಬೆಲ್‌ಬಾಟಮ್ ಪ್ಯಾಂಟು ಹಿಂದೆ ಹರಿದಿತ್ತು.

ಜೊತೆಗಿದ್ದ ತನ್ನ ಮಾವನ ಟವೆಲ್ ಸುತ್ತಿಕೊಂಡು ಪ್ಯಾಂಟು ಕೊಟ್ಟ. ನನ್ನ ಬಳಿ ಇದ್ದದ್ದು ಕೆಂಪು ದಾರ ಒಂದೇ. ಕಟ್ಟೆಯ ಮೇಲೆ ಮಷಿನ್ ಇಟ್ಟು ಹಿಡಿಕೆ ತಿರುವತೊಡಗಿದಾಗ ಬಸ್ಸಿಗೆ ಕಾದವರೆಲ್ಲ ಸುತ್ತ ನೆರೆದರು.

"ಕೆಂಪು ಭಾಳ ಕಾಣತೈತೇನ್ರಿ?" ಎಂದ, ಅಳುಮೋರೆಯಲ್ಲಿ.

"ಮಂದಿಗೆ ಬೆನ್ನು ತೋರಸಬ್ಯಾಡಪಾ, ಅಷ್ಟ ಸಾಕು," ಎಂದೆ.

ಅವನ ಮದುವೆಯಾದ ಮೇಲೆ, ಅವತ್ತು ನಿಲ್ದಾಣದಲ್ಲಿ ನಾನು ಹೇಳಿದ್ದ ಮನೆಯ ಗುರುತು ಹಿಡಿದು ಗಂಡ-ಹೆಂಡತಿ ಇಬ್ಬರೂ ಬಾಗಲಕೋಟೆಯ ನಮ್ಮ ಮನೆಗೆ ಬಂದರು. ಹುಡುಗಿ ನಗುತ್ತ ಹೇಳಿದಳು: "ಅವತ್ತ ಇವರು ನಮ್ಮನಿಯಿಂದ ಹೊಂಟಾಗ ಬಾಗಲಾ ದಾಟೂತನಕಾ ಹಿಂದಹಿಂದಕ್ಕ ನಡದ್ರರಿ. ಹುಡುಗ ಹಿರ್ಯಾರಿಗೆ ಎಷ್ಟ್ ಮರ್ಯಾದಿ ಕೊಡ್ತಾನಂತ ನಮ್ಮಪ್ಪ ಅಲ್ಲೇ ಒಪ್ಪಿಬಿಟ್ಟ!"

ಅವಳು ತಂದಿದ್ದ ರವಿಕೆ ಬಟ್ಟೆಯನ್ನು, ಕುಬಸದ ಖಣವನ್ನು, ಅದೇ ಮಷಿನ್‌ನಲ್ಲಿ ನಾನೇ ಹೊಲಿದುಕೊಟ್ಟೆ. ಅದನ್ನು ನೋಡಿ ಓಣಿಯ ಹೆಂಗಸರೂ ಖಣ ತರತೊಡಗಿದರು. ಮಷಿನ್ ಬಿಟ್ಟು ಏಳಲು ನನಗೆ ಪುರುಸೊತ್ತಿಲ್ಲದೆ, ನಮ್ಮ ಯಜಮಾನರು ಚಹಾ ತಾವೇ ಮಾಡಿಕೊಳ್ಳಲು ಕಲಿತರು.