ಇಲಿ ಬಿದ್ದರೆ ರಜೆ

ಪ್ಲೇಗಿನ ಮಾತು ಬಂದರೆ ನನ್ನ ವಯಸ್ಸಿನವರೆಲ್ಲ ದನಿ ತಗ್ಗಿಸುತ್ತಾರೆ. ನನ್ನ ಇಬ್ಬರು ಗಂಡುಮಕ್ಕಳು ಮಾತ್ರ, ತಲೆ ನರೆತ ಮೇಲೂ, ಆ ಮಾತಿಗೆ ಮುಖ ಅರಳಿಸಿಕೊಂಡು ಕೂಡುತ್ತಾರೆ. "ಅವ್ವಾ, ಹೊಲದಾಗ ಗುಡಿಸಲಾ ಹಾಕ್ಕೊಂಡು ಇದ್ವೆಲ್ಲಾ..." ಎಂದು ಶುರುವಾಗುತ್ತದೆ. ಕೇಳಿದವರು ಇವರೆಲ್ಲೋ ಮಹಾಬಳೇಶ್ವರಕ್ಕೆ ಹವಾ ಬದಲಿಸಲು ಹೋಗಿದ್ದರು ಅಂದುಕೊಳ್ಳಬೇಕು. ಅವರ ಪಾಲಿಗೆ ಅದು ರಜೆಯೇ ಆಗಿತ್ತು. ಆ ರಜೆಗಾಗಿ ಅವರು ಏನು ಮಾಡಿದರು ಎಂಬುದನ್ನು ನಾನು ಹೇಳುತ್ತೇನೆ.

ಆಗ ನಾವು ಪುಣೆಯ ಪೇಟೆಯೊಳಗೆ ಒಂದು ಹಳೆಯ ವಾಡೆಯಲ್ಲಿ, ಆರು ಸಂಸಾರಗಳಿದ್ದ ದೊಡ್ಡ ಮನೆಯಲ್ಲಿ, ಎರಡು ಕೋಣೆ ಹಿಡಿದಿದ್ದೆವು. ನಮ್ಮವರು ಕ್ಯಾಂಪಿನ ಒಂದು ಕಚೇರಿಯಲ್ಲಿ ಕಾರಕೂನರು, ಧಾರವಾಡದ ಕಡೆಯಿಂದ ನೌಕರಿಗೆಂದು ಬಂದವರು. ಮಾವನವರೂ ನಮ್ಮ ಜೊತೆಗೇ ಇದ್ದರು. ಬಾಗಿಲ ಹೊರಗೆಲ್ಲ ಮರಾಠಿ. ಹೊಸ್ತಿಲು ದಾಟಿ ಒಳಗೆ ಬಂದರೆ ಮಾವನವರ ಕನ್ನಡ. ಶಾಲೆಯ ಮುಖ ಕಾಣದ ನನಗೆ ಮೊರದಲ್ಲಿ ಹಿಟ್ಟು ಹರವಿ, ಬೆರಳಿನಿಂದ ಅಕ್ಷರ ತಿದ್ದಿಸಿದವರು ಅವರು. ಸೊಸೆಗೆ ಅಷ್ಟು ಮಾಡಿದ ಮನುಷ್ಯ ಕೆಟ್ಟವರಲ್ಲ. ಆದರೆ ಅವರ ಕಾಲದ ಒಂದು ನಡಾವಳಿ ನಮ್ಮ ಮನೆಯಲ್ಲಿ ಕಲ್ಲಿನ ಹಾಗೆ ನಿಂತಿತ್ತು: ತಂದೆಯ ಎದುರಿಗೆ ಮಗನಾದವನು ತನ್ನ ಮಕ್ಕಳನ್ನು ಎತ್ತಿಕೊಳ್ಳಬಾರದು, ಮುದ್ದು ಮಾಡಬಾರದು, ಅವರ ಕೂಡ ಮಾತಿಗೂ ಕೂಡಬಾರದು. ಹಾಗೆ ಮಾಡಿದರೆ ನಾಚಿಕೆಗೇಡು. ಯಾರೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ರವಿವಾರ ಸಂಜೆ ಎಲ್ಲರೂ ಪರ್ವತಿ ಗುಡ್ಡಕ್ಕೆ ಹೋಗುವುದು ರೂಢಿ. ಮುಂದೆ ಮಾವನವರು, ಅವರ ಎಡಬಲಕ್ಕೆ ಹುಡುಗರು; ಹತ್ತು ಹೆಜ್ಜೆ ಹಿಂದೆ ನಮ್ಮವರು; ಅವರ ಹಿಂದೆ ಬುತ್ತಿ ಹಿಡಿದುಕೊಂಡು ನಾನು. ಒಂದು ಸಲ ದೊಡ್ಡವನು ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದು ಮೊಣಕಾಲು ಒಡೆದುಕೊಂಡ. ನಮ್ಮವರ ಕೈ ಮುಂದೆ ಬಂದದ್ದನ್ನು ನಾನು ಕಂಡೆ. ಅದು ಅರ್ಧ ದಾರಿಗೆ ನಿಂತು, ಮತ್ತೆ ಬೆನ್ನ ಹಿಂದೆ ಹೋಯಿತು. ಹುಡುಗನನ್ನು ಎಬ್ಬಿಸಿ ನಿಲ್ಲಿಸಿದವಳು ನಾನು. ಅವನೂ ಅಪ್ಪನ ಕಡೆ ನೋಡಲಿಲ್ಲ. ನೋಡಿ ಪ್ರಯೋಜನವಿಲ್ಲ ಎಂದು ಏಳು ವರ್ಷಕ್ಕೇ ಅವನಿಗೆ ಗೊತ್ತಾಗಿತ್ತು.

ಅದೇ ವರ್ಷ ಚಳಿಗಾಲಕ್ಕೆ ವಾಡೆಯಲ್ಲಿ ಇಲಿ ಬಿತ್ತು. ಆ ದಿನಗಳಲ್ಲಿ ಮನೆಯಲ್ಲಿ ಒಂದು ಇಲಿ ಸತ್ತು ಬಿತ್ತೆಂದರೆ ಹಿಂದೆಯೇ ಪ್ಲೇಗು ಬಂತೆಂದು ಲೆಕ್ಕ. ಊಟ ಅರ್ಧಕ್ಕೆ ಬಿಟ್ಟು ಜನ ಊರ ಹೊರಗೆ ಬೀಳುತ್ತಿದ್ದರು. ನಾವೂ ನದಿಯ ಆಚೆ ಒಬ್ಬರ ಹೊಲದಲ್ಲಿ ಬಿದಿರ ತಟ್ಟಿ ಕಟ್ಟಿ, ಮೇಲೆ ತಗಡು ಹೊದಿಸಿ ಗುಡಿಸಲು ಮಾಡಿಕೊಂಡೆವು. ವಾಡೆಯ ಉಳಿದ ಮನೆಯವರೂ ಸಾಲಾಗಿ ಅಲ್ಲೇ. ಗುಡಿಸಲಿನ ಥಂಡಿ ಮಾವನವರಿಗೆ ತಡೆಯದು ಎಂದು ಅವರನ್ನು ರೈಲಿಗೆ ಹತ್ತಿಸಿ ಊರಿಗೆ, ಮೈದುನನ ಮನೆಗೆ ಕಳಿಸಿದೆವು.

ಮೊದಲ ಸಂಜೆ ನಮ್ಮವರು ಕಚೇರಿಯಿಂದ ಹೊಲದ ಬದುವಿನ ಮೇಲೆ ನಡೆದು ಬಂದರು. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದರು. ಸುತ್ತ ಒಮ್ಮೆ ನೋಡಿದರು. ಆಮೇಲೆ ಸಣ್ಣವನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡರು. ಒಲೆಯ ಮುಂದಿದ್ದ ನನ್ನ ರೊಟ್ಟಿ ಹೊತ್ತಿಹೋಯಿತು. ಸಣ್ಣವನಿಗೆ ಆಗ ಐದು ವರ್ಷ. ಅಪ್ಪನ ಹೆಗಲು ಎಷ್ಟು ಎತ್ತರವೆಂದು ಅವನಿಗೆ ಅಂದೇ ಗೊತ್ತಾದದ್ದು. ಅಳಲೋ ನಗಲೋ ತಿಳಿಯದೆ ಅಪ್ಪನ ಕೂದಲು ಹಿಡಿದುಕೊಂಡು ಸುಮ್ಮನೆ ಕೂತಿದ್ದ.

ಎರಡು ವರ್ಷ, ಚಳಿಗಾಲ ಬಂದಾಗಲೆಲ್ಲ, ಹಾಗೇ ನಡೆಯಿತು. ಊರೊಳಗೆ ಹೆಣ ಹೊರುವವರಿಗೆ ಬಿಡುವಿಲ್ಲ. ಇಲ್ಲಿ ನಮ್ಮವರು ಹುಡುಗರಿಗೆ ಗಾಳಿಪಟ ಕಟ್ಟಿ ಕೊಡುತ್ತಾರೆ, ಹಸಿ ಜೋಳದ ತೆನೆ ಸುಟ್ಟು ಸೀತನಿ ಉಜ್ಜಿ ಬಾಯಿಗೆ ಹಾಕುತ್ತಾರೆ, ಬಾವಿಗೆ ಇಳಿಸಿ ಈಜು ಕಲಿಸುತ್ತಾರೆ. ಮಾತಂತೂ ಮಾತು. ಏಳು ವರ್ಷ ಕೂಡಿಟ್ಟ ಮಾತೆಲ್ಲ ಆ ಮನುಷ್ಯನ ಬಾಯಿಂದ ಹೊರಗೆ ಬಂತು. ನಾವು ವಾಡೆಗೆ ಮರಳಿದ ಮೇಲೆ, ಮಾವನವರು ಊರಿಂದ ಬಂದ ದಿನ ಮತ್ತೆ ಬಾಯಿ ಬಂದ್.

ಮೂರನೆಯ ವರ್ಷ ಇಲಿ ಬೀಳಲಿಲ್ಲ. ದೀಪಾವಳಿ ಆಯಿತು, ಥಂಡಿ ಬಿತ್ತು, ವಾಡೆಯಲ್ಲಿ ಎಲ್ಲರೂ ದೇವರಿಗೆ ಕೈ ಮುಗಿದರು. ಊಟಕ್ಕೆ ಕೂತಾಗ ಸಣ್ಣವನು ಕೇಳಿದ, "ಅವ್ವಾ, ಗುಡಿಸಲಕ್ಕ ಹೋಗೂದು ಯಾವಾಗ?"

"ಇಲಿ ಬಿದ್ರ ಹೋಗೂದು. ಸುಮ್ಮನ ಉಣ್ಣು," ಅಂದೆ. ಕೈಯಲ್ಲಿ ಸೌಟು ಹಿಡಿದುಕೊಂಡು ಹೇಳಿದ ಮಾತು. ಹೇಳಿ ಮರೆತೂ ಬಿಟ್ಟೆ.

ಮೂರು ದಿನಕ್ಕೆ, ಬೆಳಿಗ್ಗೆ, ಮೆಟ್ಟಿಲ ಕೆಳಗಿನ ಕಟ್ಟಿಗೆಯ ರಾಶಿಯಲ್ಲಿ ವಾಡೆಯ ಒಡತಿಗೆ ಇಲಿ ಸಿಕ್ಕಿತು. ಆಕೆ ಮರಾಠಿ ಮುದುಕಿ, ಗಟ್ಟಿ ಜೀವ. ಒಂದು ಸಲ ಕೂಗಿದರು, ಅಷ್ಟೇ. ಮಧ್ಯಾಹ್ನದೊಳಗೆ ಆರೂ ಮನೆಯ ಪಾತ್ರೆ ಪಡಗ ಗಾಡಿಯಲ್ಲಿ. ಮಾವನವರು ಸ್ಟೇಷನ್ನಿಗೆ. ಸಂಜೆಗೆ ನಾವು ನದಿಯಾಚೆಯ ಹೊಲದಲ್ಲಿ.

ಮರುದಿನ ಬಾವಿಯ ಕಟ್ಟೆಯ ಮೇಲೆ ಸಣ್ಣವನಿಗೆ ಸ್ನಾನ ಮಾಡಿಸುತ್ತಿದ್ದೆ. "ಈ ವರ್ಷ ತಪ್ಪಿತು ಅಂತಿದ್ದೆ, ಕಡೀಕೂ ಬಿತ್ತು ನೋಡು," ಎಂದು ನನ್ನಷ್ಟಕ್ಕೆ ನಾನೇ ಗಟ್ಟಿಯಾಗಿ ಅಂದೆ.

"ಬೀಳಲಿಲ್ಲವ್ವಾ. ನಾವ ತಂದ್ವಿ."

"ಏನು ತಂದ್ರಿ?"

"ಇಲಿ."

ಪಕ್ಕದಲ್ಲಿ ಕಲ್ಲು ಆರಿಸುತ್ತಿದ್ದ ದೊಡ್ಡವನು ತಿರುಗಿ, "ಹೇಳಬ್ಯಾಡ ಅಂದಿದ್ದಿಲ್ಲೇನೋ ನಿನಗ," ಅಂದ.

ತಂಬಿಗೆ ನನ್ನ ಕೈಯಲ್ಲೇ ಇತ್ತು. ನೀರು ಸುರಿಯುತ್ತಲೇ ಇದ್ದೆನಂತೆ. ಮಗು ಉಸಿರು ಕಟ್ಟಿ ಕೆಮ್ಮಿದಾಗ ಎಚ್ಚರಾಯಿತು.

"ಎಲ್ಲಿಂದ ತಂದ್ರಿ?"

"ಕಾಳಿನಂಗಡಿ ಹಿಂದ ಭಾಳ ಬಿದ್ದಾವ. ಯಾರಿಗೂ ಕಾಣಬಾರದಂತ ಅಂಗಡಿಯವ ಮ್ಯಾಲ ಚೀಲಾ ಮುಚ್ಚ್ಯಾನ," ಅಂದ ಸಣ್ಣವನು. "ನಾವು ಒಂದ ತಂದ್ವಿ. ಸಣ್ಣದು ನೋಡಿ ಆರಿಸಿದ್ವಿ."

"ಯಾತರಾಗ ತಂದ್ರಿ?"

"ಅಣ್ಣನ ಟೊಪ್ಪಿಗ್ಯಾಗ."

ನಾನು ದೊಡ್ಡವನ ಕಡೆ ನೋಡಿದೆ. ಟೊಪ್ಪಿಗೆ ಅವನ ತಲೆಯ ಮೇಲಿತ್ತು.

ಆಮೇಲೆ ಏನು ಮಾಡಿದೆನೋ ಒಂದಕ್ಕೊಂದು ಸರಿಯಾಗಿ ನೆನಪಿಲ್ಲ. ಟೊಪ್ಪಿಗೆಯನ್ನು ಕೋಲಿನಿಂದ ಎತ್ತಿ ಒಲೆಗೆ ಹಾಕಿದ್ದು ನೆನಪಿದೆ. ಇಬ್ಬರನ್ನೂ ನಿಲ್ಲಿಸಿ, ಚರ್ಮ ಕೆಂಪಾಗುವ ತನಕ ಸೀಗೆಪುಡಿ ಹಚ್ಚಿ ತಿಕ್ಕಿದ್ದು ನೆನಪಿದೆ. ಹೊಡೆಯಲಿಲ್ಲ. ಕೈ ಏಳಲಿಲ್ಲ.

"ಯಾಕ ಮಾಡಿದ್ರಿ ಇದನ್ನ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಹೇಳಿದವನು ಸಣ್ಣವನೇ, ನನಗೇ ಬುದ್ಧಿ ಕಡಿಮೆ ಎನ್ನುವ ಹಾಗೆ: "ಇಲಿ ಬಿದ್ರ ಅಜ್ಜ ಊರಿಗೆ ಹೋಗ್ತಾರ. ಅಜ್ಜ ಹೋದ್ರ ಅಪ್ಪ ನಮ್ಮ ಕೂಡ ಮಾತಾಡ್ತಾರ."

ಸಂಜೆ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಬದುವಿನ ಮೇಲೆ ಕೂತು ಕೇಳಿದರು. ಆಮೇಲೆ ಎದ್ದು, "ವಾಡೆಯವರಿಗೆ ಹೇಳಬೇಕು," ಎಂದು ಸಾಲಿನ ಮೊದಲ ಗುಡಿಸಲಿಗೆ ನಡೆದರು. ನಾನೂ ಹಿಂದೆ ಹೋದೆ. ಒಡತಿ ಪೂರ್ತಿ ಕೇಳಿದರು. ನಮ್ಮನ್ನು ಬೈದು ಅಟ್ಟುತ್ತಾರೆ ಎಂದುಕೊಂಡಿದ್ದೆ. ಆಕೆ ಮರಾಠಿಯಲ್ಲಿ ಇಷ್ಟೇ ಅಂದರು: "ಅಂಗಡಿ ಹಿಂದೆ ಅಷ್ಟು ಬಿದ್ದಿದ್ದರೆ ನಾವು ಬಂದದ್ದೇ ಒಳ್ಳೇದಾಯಿತು. ನಾಳೆ ಮುನಸಿಪಾಲ್ಟಿಗೆ ತಿಳಿಸಿ. ಹತ್ತು ದಿನ ನಿಮ್ಮ ಹುಡುಗರು ನಮ್ಮ ಮೊಮ್ಮಕ್ಕಳ ಹತ್ತಿರ ಬರುವುದು ಬೇಡ." ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಹತ್ತು ದಿನ. ಆ ರೋಗ ಮುಟ್ಟಿದ್ದರೆ ಅಷ್ಟರೊಳಗೆ ಜ್ವರ ಬರಬೇಕು, ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಂಟು ಏಳಬೇಕು. ನಮ್ಮವರು ಆ ರಾತ್ರಿಯೇ ಮಾವನವರಿಗೆ ಕಾಗದ ಬರೆದರು. ಹುಡುಗರು ಇಲಿ ಮುಟ್ಟಿದ್ದನ್ನು ಬರೆದರು. ಯಾಕೆ ಮುಟ್ಟಿದರು ಎಂಬುದನ್ನು ಬರೆಯಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಇಬ್ಬರ ಅಂಗಿ ಬಿಚ್ಚಿ ಕಂಕುಳು ಒತ್ತಿ ನೋಡುತ್ತಿದ್ದೆ. ಅವರಿಗೆ ಅದು ಕಚಗುಳಿಯ ಆಟ. ನಾನು ಬರುವುದನ್ನು ಕಂಡರೆ ಸಾಕು, ಕೈ ಮೇಲೆತ್ತಿ ನಕ್ಕು ಬೀಳುತ್ತಿದ್ದರು. ನಮ್ಮವರು ಕಚೇರಿಗೆ ಸೂಟಿ ಹಾಕಿದರು. ಪಟ ಕಟ್ಟಿದರು, ಬಾಲ ಹಚ್ಚುವುದನ್ನು ಮರೆತರು. ಕಥೆ ಹೇಳಿದರು, ನಡುವೆ ಎಲ್ಲೋ ನೋಡುತ್ತ ಕೂತರು. "ಅಪ್ಪಾ, ರಾಜಾ ಆಗ್ಲೇ ಸತ್ತಿದ್ನಲ್ಲ, ಮತ್ತ ಕುದರೀ ಹ್ಯಾಂಗ ಹತ್ತಿದ?" ಎಂದು ದೊಡ್ಡವನು ಕೇಳಿದರೆ, "ಹೌದಲ್ಲ," ಎಂದರು. ಮಕ್ಕಳಿಗೆ ಅಂಥ ಒಳ್ಳೆಯ ರಜೆ ಹಿಂದೆ ಸಿಕ್ಕಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ದೊಡ್ಡವನು ಕೈ ಎತ್ತಲಿಲ್ಲ. "ಬ್ಯಾಡವ್ವಾ, ನೋಯ್ತದ," ಅಂದ. ಮೈ ಬೆಚ್ಚಗಿತ್ತು. ಬಲಗಂಕುಳಲ್ಲಿ ನನ್ನ ಬೆರಳಿಗೆ ಒಂದು ಗಂಟು ಸಿಕ್ಕಿತು, ಹುಣಸೆಬೀಜದಷ್ಟು.

ನಮ್ಮವರ ಮುಖ ನೋಡಿದೆ, ಅವರಿಗೆ ತಿಳಿಯಿತು. ಅದೇ ಹೊತ್ತಿಗೆ ಹೊಲದ ಅಂಚಿನಲ್ಲಿ ಒಂದು ಟಾಂಗಾ ಬಂದು ನಿಂತಿತು. ಅದರಿಂದ ಮಾವನವರು ಇಳಿದರು, ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಛತ್ರಿ. ಪ್ಲೇಗಿನ ಊರಿನಿಂದ ಜನ ಓಡಿಹೋಗುವ ಕಾಲದಲ್ಲಿ ಆ ಎಪ್ಪತ್ತರ ಮುದುಕರು ಕಾಗದ ಕಂಡ ಕೂಡಲೇ ರೈಲು ಹತ್ತಿ ಬಂದಿದ್ದರು.

"ಅಪ್ಪಾ, ನೀವು ಯಾಕ ಬರಲಿಕ್ಕೆ ಹೋದ್ರಿ," ಎಂದರು ನಮ್ಮವರು.

"ಹುಡುಗರು ಹ್ಯಾಂಗಿದ್ದಾರ?"

"ದೊಡ್ಡವಗ ಜ್ವರಾ ಬಂದಾವರಿ," ಎಂದೆ ನಾನು. "ಗಂಟೂ ಎದ್ದದ."

ಟಾಂಗಾದವನಿಗೆ ಕನ್ನಡ ಬರದಿದ್ದರೂ ನನ್ನ ಮುಖ ಕಂಡು ತಿಳಿದಿರಬೇಕು. ಕರೆಯುವಷ್ಟರಲ್ಲಿ ಕುದುರೆ ತಿರುಗಿಸಿ ಹೊಡೆದುಕೊಂಡು ಹೋದ. ದವಾಖಾನೆ ನದಿಯ ಸೇತುವೆಯ ಹತ್ತಿರ, ಒಂದೂವರೆ ಮೈಲು. ನಡೆದೇ ಹೋಗಬೇಕು.

ಹುಡುಗ ಚಾಪೆಯ ಮೇಲೆ ಕೂತಿದ್ದ. ಈಚೆಗೆ ನಮ್ಮವರು, ಆಚೆಗೆ ಅವರ ತಂದೆ. ನಾನೇ ಎತ್ತಿಕೊಳ್ಳೋಣವೆಂದು ಬಾಗಿದೆ. ಅಷ್ಟರಲ್ಲಿ ನಮ್ಮವರು ನನ್ನನ್ನು ಪಕ್ಕಕ್ಕೆ ಸರಿಸಿ, ಮಾವನವರ ಕಣ್ಣೆದುರಿಗೇ, ಮಗನನ್ನು ಎತ್ತಿ ಎದೆಗೆ ಹಾಕಿಕೊಂಡರು. ಅವರ ಕಿವಿ ಕೆಂಪಾಗಿದ್ದವು. ತಂದೆಯ ಕಡೆ ನೋಡಲಿಲ್ಲ.

ಮಾವನವರು ಕೈಲಿದ್ದ ಬಟ್ಟೆಯ ಗಂಟನ್ನು ಕೆಳಗಿಟ್ಟರು. "ನಡೀ," ಅಂದರು, "ಬಿಸಿಲು ಏರೇದ. ನಾ ಛತ್ರಿ ಹಿಡೀತೀನಿ."

ಹೀಗೆ ಹೊರಟೆವು. ಮಗನನ್ನು ಹೊತ್ತು ನಮ್ಮವರು, ಅವರಿಬ್ಬರ ಮೇಲೆ ಛತ್ರಿ ಹಿಡಿದು ಮಾವನವರು, ಸಣ್ಣವನ ಕೈ ಹಿಡಿದು ನಾನು.

ಡಾಕ್ಟರರು ಕಂಕುಳು ಒತ್ತಿದರು, ನಾಲಿಗೆ ನೋಡಿದರು, ಕಣ್ಣು ನೋಡಿದರು. ಆಮೇಲೆ ಬಲಗೈ ತೆಗೆದುಕೊಂಡು ಅಂಗೈ ತಿರುಗಿಸಿದರು. ಹೆಬ್ಬೆರಳ ಬುಡದಲ್ಲಿ ಕೀವು ತುಂಬಿತ್ತು. ಸೂಜಿಯಿಂದ ಒತ್ತಿದರು, ಕಪ್ಪಗೆ, ಉಗುರಿನಷ್ಟು ಉದ್ದದ ಜಾಲಿಮುಳ್ಳು ಹೊರಗೆ ಬಂತು. ಎರಡು ದಿನದ ಹಿಂದೆ ಬೇಲಿ ಹಾರುವಾಗ ಚುಚ್ಚಿದ್ದಂತೆ. ಹೇಳಿದರೆ ಅವ್ವ ಆಟ ಬಿಡಿಸುತ್ತಾಳೆ ಎಂದು ಮುಚ್ಚಿಟ್ಟಿದ್ದ. "ಗಂಟು ಇದರದ್ದು," ಎಂದರು ಡಾಕ್ಟರರು. "ಆದರೂ ನಾಲ್ಕು ದಿನ ಕಣ್ಣಿಟ್ಟಿರಿ." ಆ ನಾಲ್ಕು ದಿನವೂ ಏನೂ ಆಗದೆ ಕಳೆದವು, ಓದುವವರು ಉಸಿರು ಹಿಡಿದು ಕೂಡಬಾರದೆಂದು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಆ ದಿನದ ಮಾತು ಇನ್ನೂ ಇದೆ.

ಮರಳುವಾಗ ದೊಡ್ಡವನು ನಡೆಯಬಲ್ಲವನಾಗಿದ್ದ. ನಮ್ಮವರು ಇಳಿಸಲಿಲ್ಲ. ಜೀವ ಹಗುರಾಗಿ ಅವರಿಗೆ ಮಾತು ಬಂದಿತ್ತು. ಜಾಲಿಮುಳ್ಳು ಯಾಕೆ ಬಿಳಿಯಾಗಿದ್ದು ಆಮೇಲೆ ಕಪ್ಪಾಗುತ್ತದೆ ಎಂದು ಏನೋ ಹೇಳಲು ಹತ್ತಿದರು. ನಡುವೆ ಪಕ್ಕದಲ್ಲಿ ಯಾರಿದ್ದಾರೆಂಬುದು ನೆನಪಾಯಿತು. ಅರ್ಧಕ್ಕೆ ನಿಲ್ಲಿಸಿದರು.

ಸ್ವಲ್ಪ ದೂರ ಹೋದ ಮೇಲೆ ದೊಡ್ಡವನು ಅಪ್ಪನ ಹೆಗಲ ಮೇಲಿಂದ ತಲೆ ಎತ್ತಿ, "ಅಜ್ಜಾ, ನೀವು ಊರಿಗೆ ಹೊಳ್ಳಿ ಹೋಗ್ತೀರೇನು?" ಎಂದು ಕೇಳಿದ.

"ಯಾಕಪ್ಪಾ, ಹೋಗಲೇನು?"

ನಾನು ಹಿಂದಿನಿಂದ ಕೈಸನ್ನೆ ಮಾಡಿದೆ. ಅವನು ನೋಡಲಿಲ್ಲ. "ನೀವಿದ್ರ ಅಪ್ಪ ಮಾತಾಡೂದಿಲ್ಲ. ಅದಕ್ಕ ನಾವು ಇಲಿ ತಂದಿದ್ದು," ಅಂದ.

ಮಾವನವರು ನಿಂತುಬಿಟ್ಟರು. ಛತ್ರಿ ಅವರ ಕೈಯಲ್ಲಿ ಓರೆಯಾಗಿ, ಹುಡುಗನ ಮುಖದ ಮೇಲೆ ಬಿಸಿಲು ಬಿತ್ತು. ಅವರು ಮಗನ ಮುಖ ನೋಡಿದರು, ಮೊಮ್ಮಗನ ಮುಖ ನೋಡಿದರು. ನಮ್ಮವರು ನೆಲ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದು ನನಗೆ ಅನ್ನಿಸಿತು. ಬಾವಿಯ ಕಟ್ಟೆಯ ಮೇಲೆ ನನ್ನ ಮುಖ ಹೇಗಾಗಿರಬೇಕು ಎಂಬುದನ್ನು ಆಗ ಮಾವನವರ ಮುಖದಲ್ಲಿ ಕಂಡೆ.

"ನಿಮ್ಮಪ್ಪ," ಎಂದರು ಮಾವನವರು ಕಡೆಗೆ. "ನಿಮ್ಮಪ್ಪ ನಿನ್ನಷ್ಟಿದ್ದಾಗ ಮಾತಾಡಿ ಮಾತಾಡಿ ತಲೀ ತಿಂತಿದ್ದ. ಸುಮ್ಮನ ಕೂಡ್ರಸಲಿಕ್ಕೆ ನನಗ ಭಾಳ ವರ್ಷ ಹಿಡೀತು."

ಛತ್ರಿಯನ್ನು ಮತ್ತೆ ನೆಟ್ಟಗೆ ಮಾಡಿ ಹುಡುಗನ ಮೇಲೆ ಹಿಡಿದರು. ಎರಡು ಹೆಜ್ಜೆ ಇಟ್ಟರು. ಮಗನ ಕಡೆ ತಿರುಗದೆ, ದಾರಿ ನೋಡುತ್ತಲೇ ಅಂದರು:

"ಮುಳ್ಳಿಂದು ಏನೋ ಹೇಳ್ತಿದ್ದೆಲ್ಲಾ. ನಡುವ ಯಾಕ ಬಿಟ್ಟಿ? ಹೇಳು ಅಂವಗ."