ಬಲಗಡೆಯ ಹೋಳು

ಕಳೆದ ವಾರ ಶಂಕರನಾರಾಯಣ ಊರಿನ ಕಡೆಯವರೊಬ್ಬರು ಬ್ರಹ್ಮಾವರದ ನನ್ನ ಲೇತ್ ವರ್ಕ್‌ಶಾಪಿಗೆ ಒಂದು ಗೋಣಿಚೀಲ ತಂದಿಟ್ಟರು. ಒಳಗೆ ಹಳೇ ಬುಲೆಟ್ ಬೈಕಿನ ಬಿಡಿಭಾಗಗಳು. ಯಾವುದು ಒರಿಜಿನಲ್, ಯಾವುದು ಆಮೇಲೆ ಸೇರಿದ್ದು ಎಂದು ಬೇರೆ ಮಾಡಿ ಕೊಡಬೇಕಂತೆ. ಚೀಲದ ಬಾಯಿ ಬಿಚ್ಚಿದ್ದೇ ಗಟ್ಟಿಯಾದ ಗ್ರೀಸಿನ ವಾಸನೆ, ಅದರ ಅಡಿಯಲ್ಲಿ ಸಣ್ಣಗೆ ಉಪ್ಪುನೀರಿನ ವಾಸನೆ ಮೂಗಿಗೆ ಬಡಿಯಿತು. ಚೀಲವನ್ನು ಹಾಗೇ ಮುಚ್ಚಿ ಹೊರಗೆ ಬಂದು ನಿಂತೆ. ಭಾವ ನೆನಪಾದರು...

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಕುಂಭಾಶಿಯಲ್ಲಿ. ಕುಂದಾಪುರದಿಂದ ಬೈಂದೂರಿಗೆ ಓಡುವ ಸರ್ವಿಸ್ ಬಸ್ಸಿನ ಡ್ರೈವರ್ ಆಗಿದ್ದರು. ಮಾತು ಕಡಿಮೆ, ಎಲ್ಲದರಲ್ಲೂ ನಿಧಾನ. ದಿನಾ ಮರವಂತೆ ದಾಟುವಾಗ, ಒಂದು ಬದಿ ಹೊಳೆ ಒಂದು ಬದಿ ಸಮುದ್ರ ಇರುವ ಆ ರಸ್ತೆಯಲ್ಲಿ, ಬಸ್ಸಿನ ವೇಗ ತಾನಾಗಿ ಕಡಿಮೆಯಾಗುತ್ತಿತ್ತು ಎಂದು ಅವರ ಬಸ್ಸಿನಲ್ಲಿ ಬರುತ್ತಿದ್ದವರು ಹೇಳುತ್ತಿದ್ದರು.

ಅದಕ್ಕೆ ಕಾರಣ ಅವರ ಅಣ್ಣ. ಆತ ಮುಂಬೈಯ ಹೋಟೆಲಿನಲ್ಲಿ ದುಡಿದು, ಒಂದು ಬುಲೆಟ್ ಕೊಂಡು, ಅದರಲ್ಲೇ ಊರಿಗೆ ಬಂದಿದ್ದ. ಬಂದ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಬೈಕು ಮರವಂತೆಯಲ್ಲಿ ಸಮುದ್ರದ ಬದಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದು ಸಿಕ್ಕಿತು. ಆತ ಸಿಗಲಿಲ್ಲ. ಹೆಣವೂ ಸಿಗಲಿಲ್ಲ. ಮಗ ಬರುತ್ತಾನೆ ಎಂದು ತಾಯಿ ಉತ್ತರಕ್ರಿಯೆ ಮಾಡಲು ಬಿಡಲಿಲ್ಲ. ಬೈಕನ್ನು ಮಾತ್ರ ಕಣ್ಣಿಂದ ನೋಡಲಾಗದೆ ಗುಜರಿಯವನಿಗೆ ಕೊಡಿಸಿದರು. ಅವನು ಬಿಚ್ಚಿ ತುಂಡು ತುಂಡಾಗಿ ಮಾರಿದ. ಇದೆಲ್ಲ ಅಕ್ಕನ ಮದುವೆಗೆ ಮುಂಚಿನ ಮಾತು. ಅಕ್ಕನೂ ನಾನೂ ಆ ಅಣ್ಣನನ್ನು ನೋಡಿದವರಲ್ಲ. ಅವನು ಎಡಗೈಯವ, ಕಂಡವರನ್ನೆಲ್ಲ ಮುಂಬೈಯ ರೂಢಿಯಲ್ಲಿ 'ಸೇಟ್' ಎಂದು ಕರೆಯುತ್ತಿದ್ದ ಎಂಬುದನ್ನು ಅತ್ತೆ ಅಕ್ಕನಿಗೆ ಹೇಳಿದ್ದರು, ಅಷ್ಟೇ.

ತಾಯಿ ತೀರಿಕೊಂಡ ಮೇಲೆ, ಕೆಲಸದಿಂದಲೂ ನಿವೃತ್ತರಾದ ಮೇಲೆ ಭಾವ ಆ ಬೈಕನ್ನು ಮತ್ತೆ ಕೂಡಿಸಲು ಹೊರಟರು. ಮೊದಲು ಅದೇ ಕಾಲದ ಒರಿಜಿನಲ್ ಸಾಮಾನು ಸಿಕ್ಕರೆ ಸಾಕು ಎನ್ನುತ್ತಿದ್ದರು. ನನ್ನ ಲೇತ್ ಪಕ್ಕದ ಮೇಜೇ ಅವರ ಜಾಗ. ಈಗಿನ ಡೂಪ್ಲಿಕೇಟಿಗೆ ಒಳಗೂ ಹೊರಗೂ ಒಂದೇ ನುಣುಪು. ಹಳೆಯದರ ಒಳಮೈಯಲ್ಲಿ ಎರಕದ ಮರಳಿನ ತರಿ ಹಾಗೇ ಉಳಿದಿರುತ್ತದೆ. ಭಾವ ಹೆಬ್ಬೆರಳಿನಿಂದ ಆ ತರಿ ನೋಡುತ್ತಿದ್ದರು. ಆಮೇಲೆ ಉಗುರಿನಿಂದ ಬಡಿದು ಕಿವಿಗೆ ಹಿಡಿಯುತ್ತಿದ್ದರು. ಹಳೆಯ ಬೋಲ್ಟು ಇಂಚಿನ ಅಳತೆಯದು, ಈಗಿನ ಸ್ಪ್ಯಾನರ್ ಅದರ ಮೇಲೆ ಜಾರುತ್ತದೆ. ಇಂಥವೆಲ್ಲ ನನಗೆ ಲೇತಿನ ಕೆಲಸದಿಂದ ಗೊತ್ತಿದ್ದವು. ಭಾವನಿಗೆ ಕೈಗೆ ಅಂಟಿಕೊಂಡು ಬಂದವು.

ಬೈಂದೂರಿನ ಗುಜರಿಯಲ್ಲಿ ಪೆಟ್ರೋಲ್ ಟ್ಯಾಂಕ್ ಸಿಕ್ಕಿತು. ಅಡಿಯ ಹಳೆಯ ಬೆಸುಗೆ ಮುಟ್ಟಿ "ಇದ್ ಅಣ್ಣಂದೇ" ಎಂದರು. ಗುರುತಿತ್ತು, ನಂಬಿದೆ. ಆಮೇಲೆ ಅಮಾಸೆಬೈಲಿನ ಒಂದು ಕೊಟ್ಟಿಗೆಯಿಂದ ಹ್ಯಾಂಡಲ್, ಇನ್ನೆಲ್ಲಿಂದಲೋ ಹೆಡ್‌ಲೈಟಿನ ಬುರುಡೆ. ಅವುಗಳ ಮೇಲೆ ಯಾವ ಗುರುತೂ ಇರಲಿಲ್ಲ. ಭಾವ ಮಾತ್ರ ಮುಟ್ಟಿದ ಕೂಡಲೇ "ಅಣ್ಣಂದೇ" ಎನ್ನುತ್ತಿದ್ದರು. ಹೇಗೆ ಎಂದು ಕೇಳಿದರೆ ಅದನ್ನು ಇನ್ನೊಮ್ಮೆ ಒರೆಸಿ ಮೇಜಿನ ಮೇಲೆ ಇಡುತ್ತಿದ್ದರು...

ಹ್ಯಾಂಡಲ್ ಕೂರಿಸಿದ ಮಧ್ಯಾಹ್ನ ಅವರು ಬೆನ್ನು ನೆಟ್ಟಗೆ ಮಾಡಿ, "ಚಲ್ ಸೇಟ್, ಚಾ ಕುಡಿವ" ಎಂದರು. ಭಾವ ಹಿಂದಿಯ ಒಂದು ಶಬ್ದ ಆಡಿದ್ದನ್ನೂ ನಾನು ಅದುವರೆಗೆ ಕೇಳಿರಲಿಲ್ಲ. ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. ಚಹಾದ ಗ್ಲಾಸನ್ನು ಎಡಗೈಯಲ್ಲಿ ಹಿಡಿದಿದ್ದರು.

ಅಕ್ಕನಿಗೆ ನಾನು ಹೇಳಲಿಲ್ಲ. ಹೇಳುವುದೂ ಬೇಕಾಗಲಿಲ್ಲ. ಒಂದು ದಿನ ಊಟಕ್ಕೆ ಕೂತ ಭಾವ ಅನ್ನಕ್ಕೆ ಎಡಗೈ ಹಾಕಿದರಂತೆ. "ಎಂತ ಮಾಡ್ತ್ರಿ?" ಎಂದು ಅಕ್ಕ ಗದರಿದಳು. ಅವರು ತಲೆ ಎತ್ತಿ, ಗುರುತಿಲ್ಲದ ಮನೆಯ ಹೆಂಗಸಿನ ಹತ್ತಿರ ಮಾತಾಡುವಷ್ಟೇ ಮರ್ಯಾದೆಯಿಂದ ಕೇಳಿದರು:

"ನೀವ್ ಯಾರ್ ಅಂತ ಗೊತ್ತಾಯ್ಲಿಲ್ಲ. ನಮ್ ತಮ್ಮ ಎಲ್ಲಿಗ್ ಹೋಯ್ದ?"

ಡಾಕ್ಟರಿಗೆ ತೋರಿಸಿದೆವು. ವಯಸ್ಸಿನ ಮರೆವು, ಕೆಲವರಲ್ಲಿ ಹೀಗೆ ಬರುತ್ತದೆ ಎಂದು ಮಾತ್ರೆ ಕೊಟ್ಟರು. ನಾನು ಅದನ್ನೇ ನಂಬಿದೆ. ಈಗಲೂ ಹಗಲು ಹೊತ್ತಿನಲ್ಲಿ ಅದನ್ನೇ ನಂಬುತ್ತೇನೆ.

ಅಷ್ಟರಲ್ಲಿ ಬೈಕು ಮುಕ್ಕಾಲು ಮುಗಿದಿತ್ತು. ಉಳಿದದ್ದು ಎಂಜಿನ್ನಿನ ಹೊಟ್ಟೆ, ಕ್ರ್ಯಾಂಕ್‌ಕೇಸ್. ಅದು ಎರಡು ಹೋಳು. ಕಾರ್ಖಾನೆಯಲ್ಲಿ ಎರಡನ್ನೂ ಜೋಡಿಸಿಟ್ಟೇ ತೂತು ಕೊರೆದು, ಅಡಿಯಲ್ಲಿ ಎರಡಕ್ಕೂ ಒಂದೇ ನಂಬರ್ ಒತ್ತುತ್ತಾರೆ. ಒಂದು ಬೈಕಿನ ಹೋಳು ಇನ್ನೊಂದು ಬೈಕಿನ ಹೋಳಿಗೆ ಸರಿಯಾಗಿ ಕೂರುವುದಿಲ್ಲ. ಎಡದ ಹೋಳು ಕುಂದಾಪುರದಲ್ಲೇ ಸಿಕ್ಕಿತ್ತು, ಮೇಲೆ ಅಣ್ಣನ ಬೈಕಿನ ಎಂಜಿನ್ ನಂಬರೇ ಇತ್ತು. ಬಲದ್ದು ಎಲ್ಲೂ ಇಲ್ಲ.

ಅದು ಸಿಕ್ಕಿದ್ದು ಬೈಂದೂರಿನ ಆಚೆ, ಕಡಲ ಬದಿಯ ಒಂದು ಮೀನುಗಾರರ ಮನೆಯಲ್ಲಿ. ನಾನೂ ಜೊತೆಗಿದ್ದೆ. ಬಲೆ ಇಡುವ ಗುಡಿಸಲಿನ ಮಾಡಿಗೆ ಅದನ್ನು ತೂಗು ಹಾಕಿದ್ದರು. ಮೈತುಂಬ ಚಿಪ್ಪು ಕಚ್ಚಿತ್ತು.

"ಹ್ವಾಯ್, ಅದ್ ಬಲೆಗ್ ಬಂದದ್," ಎಂದರು ಮನೆಯ ಹೆಂಗಸು. "ಬೇಕಾರೆ ತಕಂಡ್ ಹೋಯ್ನಿ. ಅದ್ ಬಂದಲ್ಲಿಂದ ನಮಗ್ ಇಲ್ಲಿ ಒಂಥರಾ ಆತ್ತ್."

ಭಾವ ಅಡಿಯ ಚಿಪ್ಪನ್ನು ಉಗುರಿನಿಂದ ಕೆರೆದರು. ಎಡದ ಹೋಳಿನ ಅಡಿಯಲ್ಲಿದ್ದ ಅದೇ ನಂಬರ್. ರಸ್ತೆಯ ಮೇಲೆ ನಿಂತು ಸಿಕ್ಕ ಬೈಕಿನ ಎಂಜಿನ್ನಿನ ಅರ್ಧ ಸಮುದ್ರಕ್ಕೆ ಹೋದದ್ದು ಹೇಗೆ? ಗುಜರಿಯವನು ಬೇಡವೆಂದು ಎಸೆದಿರಬೇಕು, ಹೊಳೆಯ ನೀರು ಒಯ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ವರ್ಕ್‌ಶಾಪಿಗೆ ತಂದು ತೊಳೆದರೆ, ಒಳಗೆ ಗಟ್ಟಿಯಾಗಿದ್ದ ಗ್ರೀಸು ಬೇರಿಂಗ್ ಕೂರುವ ಜಾಗವನ್ನು ಹೊಸದರಂತೆ ಕಾಪಾಡಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಒಬ್ಬಳೇ ಬಸ್ಸು ಹತ್ತಿ ಬಂದಳು.

"ಅದನ್ ಕೂರ್ಸ್ಬೇಡ ತಮ್ಮ," ಎಂದಳು. "ಅಣ್ಣ ಬಪ್ಪುದಲ್ಲ, ಇವ್ರ್ ಹೋಪುದ್. ಅವ ಬಪ್ಪುಕೆ ಇವ್ರ್ ಜಾಗ ಬಿಟ್ ಕೊಡ್ತಾ ಇದ್ರ್."

ನನ್ನಲ್ಲಿ ಅದೇ ಮಾದರಿಯ ಬೇರೊಂದು ಬೈಕಿನ ಬಲದ ಹೋಳು ಇತ್ತು. ಅದನ್ನು ಇಟ್ಟರೆ ಭಾವನಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಕೇಳಿದೆ. ಅಕ್ಕ ಅದನ್ನೂ ಯೋಚಿಸಿಕೊಂಡೇ ಬಂದಿದ್ದಳು.

"ಅಣ್ಣಂಗೆ ಬೈಕ್ ಬಿಡುಕ್ ಮಾತ್ರ ಬತ್ತಿದ್ದಿತ್ತಂಬ್ರ್, ಸಾಮಾನಿನ್ ಗುರ್ತ ಇಲ್ಲ. ಇವ್ರ್ ಇವ್ರೇ ಆದ್ರೆ ಕೈಯಗ್ ಹಿಡ್ದ್ ಕೂಡ್ಲೆ ಬೇರೆದ್ದ್ ಅಂತ ಹೇಳ್ತ್ರ್. ಹೇಳ್ದೆ ಹೋರೆ..."

ಸಮುದ್ರದ ಹೋಳನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅದನ್ನು ಅದೇ ಮನೆಯವರ ದೋಣಿಗೆ ಕೊಟ್ಟು, ಆಳದ ನೀರಿಗೆ ಬಿಡಿಸಿದಳೆಂದು ಆಮೇಲೆ ತಿಳಿಯಿತು.

ಭಾವ ಬಂದಾಗ ಅಕ್ಕ ನನ್ನ ಹಿಂದೆಯೇ ನಿಂತಿದ್ದಳು. ಮೇಜಿನ ಮೇಲಿದ್ದ ಹೋಳನ್ನು ಅವರು ಎತ್ತಿದರು. ತಿರುಗಿಸಿದರು. ಒಳಗೆ ಹೆಬ್ಬೆರಳು ಆಡಿಸಿದರು. ಅಡಿಯ ನಂಬರ್ ನೋಡಿದರು. ಅದು ಬೇರೆ ನಂಬರ್, ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು. ಭಾವ ನನ್ನ ಕಡೆ ನೋಡದೆ, ಬಾಗಿಲ ಕಡೆ ನೋಡುತ್ತಾ ಹೇಳಿದರು:

"ಚಲೇಗಾ ಸೇಟ್. ಹಾಕ್."

ಅಕ್ಕ ಗೋಡೆ ಹಿಡಿದು ಅಲ್ಲೇ ಕೂತಳು. ಅವಳು ಅಳಲಿಲ್ಲ. ಸತ್ತ ಮನೆಯಲ್ಲಿ ಕೂರುವ ಹಾಗೆ ಕೂತಿದ್ದಳು.

ಕೆಲಸ ಮುಗಿಸಲು ಕೆಲವು ದಿನ ಹಿಡಿಯಿತು. ಹೋಳು ಹೊಂದದ ಎಂಜಿನ್ನಿನಲ್ಲಿ ಸಣ್ಣ ಕೀರಲು ಸದ್ದಿತ್ತು, ಆದರೂ ಓಡಿತು. ಭಾವ ಎಡಗೈಯಿಂದಲೇ ಕನ್ನಡಿ ಸರಿಮಾಡಿಕೊಂಡು ಹೆದ್ದಾರಿಗೆ ಹತ್ತಿ ಬಡಗು ದಿಕ್ಕಿಗೆ, ಮರವಂತೆಯ ಕಡೆಗೆ ಹೋದರು. ನಾನೂ ಅಕ್ಕನೂ ರಸ್ತೆಯವರೆಗೆ ಹೋಗಿ ನಿಂತು ನೋಡಿದೆವು. ಊಟದ ಹೊತ್ತು ಕಳೆಯಿತು. ಬಿಸಿಲು ಇಳಿಯತೊಡಗಿತು. ಸ್ಕೂಟರ್ ತೆಗೆದು ಹುಡುಕಲು ಹೊರಡಬೇಕೆನ್ನುವಾಗ ಆ ಕೀರಲು ಸದ್ದು ದೂರದಿಂದ ಕೇಳಿಸಿತು.

ಭಾವ ಬೈಕು ನಿಲ್ಲಿಸಿ ಇಳಿದರು. ಬಟ್ಟೆ ಒಣಗಿಯೇ ಇತ್ತು. ಮುಖ ಮಾತ್ರ ಬಹಳ ದಣಿದಿತ್ತು. ಅಕ್ಕ ಕೊಟ್ಟ ನೀರಿನ ಚೊಂಬನ್ನು ಬಲಗೈಯಲ್ಲಿ ತೆಗೆದುಕೊಂಡು ಪೂರ್ತಿ ಕುಡಿದರು.

"ಬಲ್ಗಡಿ ಹೋಳ್ ಬೇರೆ ಗಾಡಿದ್ ಮಾರಾಯಾ," ಎಂದರು ನನಗೆ. ಅದು ಅವರದೇ ಸ್ವರ, ಅದೇ ನಿಧಾನ. "ಕೈಯಗ್ ಹಿಡ್ದಾಗ್ಳೇ ಗೊತ್ತಾಯ್ತ್."

"ಆಗ್ಳೇ ಎಂತಕ್ ಹೇಳ್ಲಿಲ್ಲ ಭಾವ?"

"ಅಣ್ಣ ಬಾಗ್ಲಲ್ಲೇ ನಿಂತಿದ್ದ ಅಲ್ದಾ. ಅವ್ನ್ ಎದ್ರಿಗ್ ಹೆಂಗ್ ಹೇಳುದ್?" ಚೊಂಬನ್ನು ಅಕ್ಕನ ಕೈಗೆ ಕೊಟ್ಟರು. "ಗಾಡಿ ತನ್ನದ್ದಲ್ಲ ಅಂತ ಅವಂಗ್ ದಾರ್ಯಗೆ ಗೊತ್ತಾಯ್ತ್. ಮರವಂತೆಗೆ ಇಳ್ದ. ನಾ ಅವ್ನನ್ನ್ ಅಲ್ಲೇ ಬಿಟ್ಟಿಕಿ ಬಂದೆ."

ಆ ತಿಂಗಳೇ ಭಾವ ಕಡಲ ದಂಡೆಯಲ್ಲಿ ಕೂತು ಅಣ್ಣನ ಉತ್ತರಕ್ರಿಯೆ ಮಾಡಿಸಿದರು. ಆಮೇಲೆ ಬೈಕು ಮುಟ್ಟಲಿಲ್ಲ. ಯಾರನ್ನೂ ಸೇಟ್ ಎಂದು ಕರೆಯಲಿಲ್ಲ. ಸಣ್ಣಪುಟ್ಟ ಮರೆವು ಇತ್ತು, ಕನ್ನಡಕ ಎಲ್ಲಿಟ್ಟೆ ಎಂಬಂಥದ್ದು. ಅಕ್ಕನನ್ನು ಮರೆಯಲಿಲ್ಲ. ಮುಂದಿನ ಮಳೆಗಾಲ ಮುಗಿಯುವಾಗ, ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಲ್ಲೇ ಹೋದರು.

ಈಗ ಅಕ್ಕ ನಮ್ಮ ಜೊತೆ ಬ್ರಹ್ಮಾವರದಲ್ಲೇ ಇದ್ದಾಳೆ. ಭಾವನ ವಿಷಯ ಬಂದರೆ ನಗುವಷ್ಟು ಸುಧಾರಿಸಿದ್ದಾಳೆ. ಮೊನ್ನೆ ಸಂಜೆ ಬಸಳೆ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಕೇಳಿದಳು:

"ತಮ್ಮ, ಅವತ್ತ್ ತಿರ್ಗಿ ಬಂದವ್ರ್ ಇವ್ರೇ ಅಲ್ದಾ?"

ಹೌದಕ್ಕಾ ಎಂದೆ. ಅವಳು ತಲೆಯಾಡಿಸಿ ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತು, ವರ್ಕ್‌ಶಾಪಿನಲ್ಲಿ ಬಾಯಿ ಮುಚ್ಚಿಟ್ಟ ಆ ಗೋಣಿಚೀಲವನ್ನು ನೆನೆದೆ. ಕೈಯಲ್ಲಿ ಹಿಡಿದು ನೋಡಿ ಇದು ಅದೇ, ಇದು ಬೇರೆ ಎಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು... ಅವರಿಲ್ಲ.