ಮಲ್ಲಂದೂರಿನ ಸರೋಜಕ್ಕ ಮತ್ತು ಓಟ ಹೆಚ್ಚಾದ ಮೆಷಿನ್ನು

ಆಗಷ್ಟೇ ಕತ್ತರಿಸಿದ ಹುಲ್ಲಿನ ಹಸಿ ವಾಸನೆಗೆ ಪೆಟ್ರೋಲಿನ ಘಾಟು ಸೇರಿ ಮೂಗಿಗೆ ಬಂದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಮಾತ್ರ ಸರೋಜಕ್ಕ ನೆನಪಾಗುತ್ತಾರೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು.

ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಕಾಫಿ ಗಿಡ ನೋಡಲು ಬಂದವರೆಲ್ಲ ಕೊನೆಗೆ ಫೋಟೋ ತೆಗೆಸಿಕೊಳ್ಳುವುದು ಮನೆ ಮುಂದಿನ ಹುಲ್ಲುಹಾಸಿನ ಮೇಲೆ. ಹಾಗಾಗಿ ಹುಲ್ಲು ಕತ್ತರಿಸುವ ಪೆಟ್ರೋಲ್ ಮೆಷಿನ್ ಒಂದು ತಂದೆ. ತಂದವನು ನಾನು, ತಳ್ಳುವವರು ನಮ್ಮ ತೋಟದಲ್ಲಿ ಕೆಲಸ ಮಾಡುವ ಶೇಷಪ್ಪ. ನನಗಿಂತ ಮೊದಲಿನಿಂದ ಈ ತೋಟವನ್ನು ಬಲ್ಲವರು, ಮಾತು ಕಡಿಮೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದು ಮೆಷಿನ್ ಹೊರಗೆ ತೆಗೆದಾಗ, ಅದು ಮೊದಲಿನ ಹಾಗೆ ಗುರುಗುಟ್ಟದೆ ಕಿರುಚತೊಡಗಿತು. ವೇಗದ ಹಿಡಿ ಎಷ್ಟು ಇಳಿಸಿದರೂ ಇಂಜಿನ್ ತಗ್ಗಲಿಲ್ಲ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ಒಂದು ಸ್ಕ್ರೂ ತಿರುಗಿಸಿದೆ, ಇನ್ನೊಂದು ಬಿಗಿ ಮಾಡಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಜೋಡಿಸಿದ ಮೇಲೆ ಒಂದು ವಾಷರ್ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡೆ. ಕಿರುಚಾಟ ಹಾಗೇ ಇತ್ತು.

“ಯಾಕೋ ಹೆದರಿಕೆ ಆಗ್ತದೆ ಸಾರ್,” ಎಂದರು ಶೇಷಪ್ಪ.

“ಜೋರಾಗಿ ಓಡಿದ್ರೆ ಒಳ್ಳೇದೇ ಅಲ್ವಾ ಮಾರಾಯ್ರೆ, ಕೆಲಸ ಬೇಗ ಮುಗೀತದೆ,” ಎಂದೆ. ಆ ಮಾತು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೂರನೇ ದಿನ ಮೆಷಿನ್ನಿನ ಅಡಿಯಿಂದ ಕಲ್ಲೊಂದು ಸಿಡಿದು ಜಗಲಿಯ ಕಿಟಕಿ ಗಾಜು ಪುಡಿಯಾಯಿತು. ಗಾಜಿನ ಆಚೆ ಯಾರೂ ಇರಲಿಲ್ಲ, ಪುಣ್ಯ. ಶೇಷಪ್ಪ ಮೆಷಿನ್ ಆಫ್ ಮಾಡಿ ಕೈ ತೊಳೆಯಲು ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮಲ್ಲಂದೂರಿನ ಸರೋಜಕ್ಕನ ಹೆಸರು ಹೇಳಿದವರೂ ಅವರೇ. ಸರೋಜಕ್ಕನ ತಂದೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡುತ್ತ ಎಸ್ಟೇಟಿನಿಂದ ಎಸ್ಟೇಟಿಗೆ ತಿರುಗಿದವರಂತೆ. ಜೊತೆಯಲ್ಲಿ ಸ್ಪ್ಯಾನರ್ ಹಿಡಿದು ಓಡಾಡಿದ ಮಗಳು ಈಗ ಅರವತ್ತರ ಹತ್ತಿರದವರು. ಸೀರೆಯ ಮೇಲೆ ಗಂಡಸರ ಖಾಕಿ ಶರ್ಟು, ಕನ್ನಡಕಕ್ಕೆ ಕಟ್ಟಿದ ದಾರ, ಶೀಟು ಹಾಕಿದ ಒಂದು ಷೆಡ್ಡು. ನಾನೂ ಶೇಷಪ್ಪನೂ ಅಲ್ಲಿಗೆ ಹೋಗಿ ಜೀಪಿನಿಂದ ಮೆಷಿನ್ ಇಳಿಸಿದೆವು.

“ಸ್ಟಾರ್ಟ್ ಮಾಡಿ,” ಎಂದರು ಸರೋಜಕ್ಕ. ಮಾಡಿದೆ. ಎರಡು ಉಸಿರಿನಷ್ಟು ಹೊತ್ತೂ ಓಡಲು ಬಿಡದೆ ತಾವೇ ನಿಲ್ಲಿಸಿದರು. ಇಂಜಿನ್ ತಪ್ಪಿಯೂ ಸ್ಟಾರ್ಟ್ ಆಗದಂತೆ ಮೊದಲು ಪ್ಲಗ್ಗಿನ ವೈರು ಕಿತ್ತು ಪಕ್ಕಕ್ಕಿಟ್ಟರು. ನಾನು ಇಷ್ಟು ದಿನ ಅದನ್ನು ಕೀಳದೆಯೇ ಅದರ ಅಡಿಗೆಲ್ಲ ಕೈ ಹಾಕಿದ್ದೆ. ಆಮೇಲೆ ಮೇಲಿನ ಮುಚ್ಚಳ ಬಿಚ್ಚಿ ನಕ್ಕರು.

“ನೋಡಿ ಇಲ್ಲಿ, ನಿಮಗಿಂತ ಮೊದಲೇ ಒಬ್ರು ಹೋಂಸ್ಟೇ ಮಾಡಿದಾರೆ.”

ಒಳಗೆ ಕಣಜವೊಂದು ಕೆಂಪು ಮಣ್ಣು ಮೆತ್ತಿ ಅಚ್ಚುಕಟ್ಟಾಗಿ ಗೂಡು ಕಟ್ಟಿತ್ತು. ಗೂಡಿನ ಅಂಚಿಗೆ ಎಲೆಯಷ್ಟು ತೆಳುವಾದ ತಗಡೊಂದು ಕಚ್ಚಿಕೊಂಡಿತ್ತು.

“ಇಂಜಿನ್ ಜೋರಾದ್ರೆ ಫ್ಯಾನಿನ ಗಾಳಿ ಈ ತಗಡನ್ನ ತಳ್ತದೆ. ತಗಡು ಸರಿದ್ರೆ ಪೆಟ್ರೋಲು ಕಡಿಮೆ ಆಗ್ತದೆ, ಓಟ ತಗ್ಗ್ತದೆ. ಈಗ ಪಾಪ ಇದಕ್ಕೆ ಅಲ್ಲಾಡಕ್ಕೇ ಜಾಗ ಇಲ್ಲ. ಕಾರ್ಬ್ಯುರೇಟರ್ ಬಿಚ್ಚಿದ್ಯಾರು?”

ನಾನು ಜೇಬಿನಿಂದ ವಾಷರ್ ತೆಗೆದು ಕೊಟ್ಟೆ. ಅವರು ಅದನ್ನು ಅದರ ಜಾಗಕ್ಕೆ ಹಾಕಿದರು.

ಸ್ಕ್ರೂಡ್ರೈವರ್ ತುದಿಯಿಂದ ಗೂಡು ಬಿಡಿಸಿ, ತಗಡನ್ನು ಬೆರಳಿನಿಂದ ಅತ್ತಿತ್ತ ಆಡಿಸಿ ನೋಡಿದರು. ಕೆಲಸ ಮುಗಿಯಿತೆಂದು ನಾನು ಎದ್ದೆ.

“ಕೂತ್ಕೊಳಿ. ಇಷ್ಟು ದಿನ ಹೆಚ್ಚು ಓಡಿದ್ದಕ್ಕೆ ಏನಾಗಿದೆ ನೋಡ್ಬೇಕು.”

ಅಡಿಯ ಬ್ಲೇಡು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ ಒರೆಸಿದರು. ಅದರ ಮೇಲೆ ಚಾಕ್‌ಪೀಸ್ ಉಜ್ಜಿ ಬಿಸಿಲಿಗಿಟ್ಟು ಸುಮ್ಮನೆ ಕಾದರು. ಸ್ವಲ್ಪ ಹೊತ್ತಿಗೆ ಬೆಳ್ಳಗಿದ್ದ ಬ್ಲೇಡಿನ ನಡುವಿನ ತೂತಿನ ಪಕ್ಕ ಕೂದಲೆಳೆಯಂಥ ಕಪ್ಪು ಗೆರೆಯೊಂದು ತಾನಾಗಿ ಮೂಡಿತು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆ ಹೊರಗೆ ಒಸರಿತ್ತು. ಕಣ್ಣಿಗೆ ಕಾಣದಿದ್ದದ್ದನ್ನು ಆ ಹೆಂಗಸು ಚಾಕ್‌ಪೀಸಿನಿಂದ ಬರೆಸಿ ತೋರಿಸಿದ್ದರು.

“ಇದನ್ನ ತಳ್ಳೋದ್ಯಾರು?” ಎಂದು ನನ್ನನ್ನೇ ಕೇಳಿದರು.

“ಇವರು. ಶೇಷಪ್ಪ.”

ಸರೋಜಕ್ಕ ಶೇಷಪ್ಪನ ಕಾಲು ನೋಡಿದರು. ನಾನೂ ನೋಡಿದೆ. ಹವಾಯಿ ಚಪ್ಪಲಿ. ಹಿಮ್ಮಡಿಯಲ್ಲಿ ಕೆಂಪು ಮಣ್ಣು ಒಣಗಿತ್ತು. ಇಷ್ಟು ವರ್ಷದಲ್ಲಿ ನಾನು ಆ ಕಾಲುಗಳನ್ನು ಗಮನವಿಟ್ಟು ನೋಡಿದ್ದು ಅದೇ ಮೊದಲು.

“ಇನ್ನೆರಡು ದಿನ ಓಡಿದ್ರೆ ತುಂಡಾಗೋದು,” ಎಂದಷ್ಟೇ ಹೇಳಿ, ಆ ಬ್ಲೇಡನ್ನು ಇನ್ಯಾರೂ ಹಾಕಿಕೊಳ್ಳದಂತೆ ಬಿಗಿಹಿಡಿಯುವ ಕಬ್ಬಿಣದ ವೈಸಿಗೆ ಸಿಕ್ಕಿಸಿ ಸುತ್ತಿಗೆಯಿಂದ ಬಗ್ಗಿಸಿ ಎಸೆದರು. ಹೊಸದು ಹಾಕಿ ಸ್ಟಾರ್ಟ್ ಮಾಡಿದಾಗ ಮೆಷಿನ್ನು ಹಳೆಯ ದನಿಯಲ್ಲಿ ಗುರುಗುಟ್ಟಿತು. ನನ್ನ ಓದು, ನನ್ನ ವಿಡಿಯೋಗಳು, ಎಲ್ಲಾ ಬಲ್ಲೆನೆಂಬ ನನ್ನ ಜಂಬ ಎಲ್ಲವೂ ಆ ಷೆಡ್ಡಿನ ಮೂಲೆಯಲ್ಲಿ ಕೈಕಟ್ಟಿ ನಿಂತಂತಿತ್ತು. ವಾಪಸ್ ಬರುವಾಗ ಜೀಪಿನಲ್ಲಿ ಶೇಷಪ್ಪನಿಗೆ, “ತಪ್ಪಾಯ್ತು, ನಿಮ್ಮ ಮಾತು ಕೇಳ್ಬೇಕಿತ್ತು,” ಎಂದೆ. ಅವರು ಹೊರಗೆ ನೋಡುತ್ತ, “ಆ ಅಕ್ಕನ ಕೈ ನೋಡಿದ್ರಾ ಸಾರ್, ಒಂದ್ಸಲಾನೂ ತಡವರಿಸ್ಲಿಲ್ಲ,” ಎಂದರು.

ಈಗ ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ನಾನೇ ಮುಚ್ಚಳ ಬಿಚ್ಚಿ ಒಳಗೆ ನೋಡುತ್ತೇನೆ. ಬ್ಲೇಡಿಗೆ ಚಾಕ್‌ಪೀಸ್ ಉಜ್ಜುತ್ತೇನೆ. ಮೊದಲ ದಿನದ ಹುಲ್ಲು ಕತ್ತರಿಸುವುದೂ ನಾನೇ, ಗಟ್ಟಿ ಬೂಟು ಹಾಕಿಕೊಂಡು. ಅಂಥದ್ದೇ ಒಂದು ಜೊತೆ ಶೇಷಪ್ಪನಿಗೂ ತಂದಿದ್ದೇನೆ. ಇವತ್ತು ಬೆಳಿಗ್ಗೆ ಅವರು ಜಗಲಿ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತು ನಾನು ತಳ್ಳುವುದನ್ನು ನೋಡುತ್ತಿದ್ದರು. ಎರಡು ಸಾಲು ಮುಗಿಸಿ ಬೆವರು ಒರೆಸಿಕೊಳ್ಳುತ್ತ ಅವರತ್ತ ತಿರುಗಿದೆ.

“ಮೆಷಿನ್ ಸರಿ ಇದೆ ಸಾರ್,” ಎಂದರು ಶೇಷಪ್ಪ. “ಸಾಲು ಸೊಟ್ಟ.”